ಕತ್ತಲೆ ಕೋಣೆಯ ಕಂಪ್ಯೂಟರು

“ಅದು ತಾನಾಗಿ ಆಫ್ ಆಗ್ತಿಲ್ಲ ಅಕ್ಕಾ. ಅಣ್ಣನೇ ಆಫ್ ಮಾಡ್ತಿದ್ದಾರೆ.”

ರಿಪೇರಿಯವನು ಇದನ್ನು ಹೇಳಿದ್ದು ಗೇಟಿನ ಬಳಿ ನಿಂತು, ದನಿ ತಗ್ಗಿಸಿ. ಒಳಗಿದ್ದ ಗಂಡನಿಗೆ ಕೇಳಿಸಿತೇನೋ ಎಂದು ಟೀಚರು ಒಮ್ಮೆ ಹಿಂತಿರುಗಿ ನೋಡಿದಳು.

ಪಾಪ, ರಿಪೇರಿಯವನು ಮಾಡದ ಸಾಹಸವಿರಲಿಲ್ಲ. ರ್‍ಯಾಮನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ್ದ. ಪವರ್ ಸಪ್ಲೈ ಬದಲಿಸಿದ್ದ. ಕೊನೆಗೆ ತನ್ನ ಅಂಗಡಿಯ ಮಾನಿಟರು, ಕೇಬಲನ್ನೇ ತಂದು ಜೋಡಿಸಿದ್ದ. ಮೇಜಿನ ಕೆಳಗಿನ ಸ್ಕ್ಯಾನರಿಗೆ ಫೋಟೋ ಹಾಕಿ ಮೇಲೇಳುವಷ್ಟರಲ್ಲಿ ಮಾನಿಟರಿನ ಚಿತ್ರ ಮಾಯವಾಗುತ್ತದೆ ಎಂದು ಗಂಡ ಹೇಳಿದ್ದರಿಂದ ಸ್ಕ್ಯಾನರನ್ನೂ ಕೆಲವು ದಿನ ಒಯ್ದಿಟ್ಟುಕೊಂಡ. ಆಗಲೂ ಆ ತೊಂದರೆ ನಿಲ್ಲಲಿಲ್ಲ. ಮೇಜಿನಡಿಯ ಡಬ್ಬದಿಂದ ಫೋಟೋ ಎತ್ತಿಕೊಂಡು ನೋಡಿದರೆ ಎದುರಿಗೆ ಕಗ್ಗತ್ತಲು. ಕಂಪ್ಯೂಟರಿನ ಫ್ಯಾನು ಮಾತ್ರ ಗುಯ್ ಎನ್ನುತ್ತಲೇ ಇರುತ್ತಿತ್ತಂತೆ. ಆದರೆ ರಿಪೇರಿಯವನು ಬಂದು, ಕಿಟಕಿ ತೆರೆಸಿ, ಅರ್ಧ ದಿನ ಓಡಿಸಿ ನೋಡಿದರೆ ಆ ಕಂಪ್ಯೂಟರು ಒಂದು ಸಲವೂ ಕೈಕೊಡುತ್ತಿರಲಿಲ್ಲ.

ಅದಕ್ಕೇ ಆತ ನಿನ್ನೆ ಉಪಾಯವೊಂದನ್ನು ಮಾಡಿದ್ದ. ಅಂಗಡಿಯಲ್ಲೇ ಕೂತು, ನೆಟ್ ಮೂಲಕ ಈ ಕಂಪ್ಯೂಟರಿನಲ್ಲಿ ಏನೇನು ನಡೆಯುತ್ತದೆಂದು ನೋಡುತ್ತಿದ್ದ. ಚಿತ್ರ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಇದ್ದಕ್ಕಿದ್ದಂತೆ ಎಲ್ಲ ಬಂದ್. ಮರುಗಳಿಗೆಯೇ ಗಂಡನ ಫೋನು: ಚಿತ್ರ ಮತ್ತೆ ಹೋಯಿತು, ಬಟನ್ ಒತ್ತಿ ಆಫ್ ಮಾಡಿದೆ ಎಂದು.

“ಚಿತ್ರ ಹೋಗೇ ಇರ್ಲಿಲ್ಲ ಅಕ್ಕಾ,” ಎಂದ ರಿಪೇರಿಯವನು. “ಮಾನಿಟರೂ ನಂದೇ, ಕೇಬಲೂ ನಂದೇ. ಇನ್ನು ಯಾವುದನ್ನ ಬದಲಾಯಿಸ್ಲಿ?”

ಅವನು ಬೈಕು ಹತ್ತಿ ಹೋದ. ಟೀಚರು ಗೇಟು ಹಿಡಿದು ನಿಂತೇ ಇದ್ದಳು.

ನೆಪಗಳ ವಿಷಯದಲ್ಲಿ ಅವಳು ಪಳಗಿದ ಕೈ. ಪರೀಕ್ಷೆಯ ದಿನ ಹೊಟ್ಟೆನೋವು, ಹೋಂವರ್ಕ್ ತೋರಿಸುವ ದಿನ ಜ್ವರ. ಮಕ್ಕಳು ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಈಚೆಗೆ ಗಂಡನಿಗೂ ಬೆಳಗ್ಗೆ ಎದ್ದರೆ ತಲೆನೋವು. ತಿಂಡಿ ಬೇಡ, ಮಾತು ಬೇಡ, ಹಣೆ ಒತ್ತಿಕೊಂಡು ಕೂರುವುದು. ಅವಳು ಮೊದಲು ಮಾತ್ರೆ ಕೊಟ್ಟಳು, ಆಮೇಲೆ ಅದನ್ನೂ ಕೊಡಲಿಲ್ಲ.

ಕಾರಣ ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಪ್ರೆಸ್ಸಿನ ಕೆಲಸ ಬಿಡಿಸಿದವಳು ಅವಳೇ. ನಿಮ್ಮ ಕೈಚಳಕಕ್ಕೆ ಅಲ್ಲಿ ಬೆಲೆಯಿಲ್ಲ, ಮನೆಯಲ್ಲೇ ಕೂತು ಹಳೆಯ ಫೋಟೋಗಳನ್ನು ಸರಿಮಾಡಿಕೊಡಿ ಎಂದು ತಲೆ ತಿಂದು ತಿಂದು ಒಪ್ಪಿಸಿದ್ದಳು. ಆತ ಒಲ್ಲದ ಮನಸ್ಸಿನಿಂದ ಒಪ್ಪಿದ್ದ. ಈಗ ಪ್ರತಿ ಫೋಟೋವೂ ಅರ್ಧಕ್ಕೇ ನಿಲ್ಲುತ್ತಿತ್ತು. ಆತನಿಗೆ ಕೆಲಸ ಕೊಡುವವನೆಂದರೆ ಸ್ಟುಡಿಯೋ ಮಾಲೀಕನೊಬ್ಬನೇ. ಇವತ್ತು ಸಂಜೆಯೊಳಗೆ ಫೋಟೋ ಕೈಗೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅವನು ಖಂಡತುಂಡವಾಗಿ ಹೇಳಿಬಿಟ್ಟಿದ್ದ. ಕೆಲಸ ಬಿಡಿಸಿದ ತನ್ನ ಹಟ ತಪ್ಪೆಂದು ತೋರಿಸಲು ಗಂಡ ಇಷ್ಟೆಲ್ಲ ನಾಟಕ ಆಡುತ್ತಿದ್ದಾನೆ. ಹಾಗೆಂದುಕೊಂಡಾಗ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು.

ಕೋಣೆಗೆ ನುಗ್ಗಿದಳು. ಒಳಗೆ ಎಂದಿನ ಕತ್ತಲು. ಹೊರಗಿನ ಬೆಳಕು ಒಂದೆಳೆ ಬಿದ್ದರೂ ಫೋಟೋದ ಬಣ್ಣ ಮೋಸ ಮಾಡುತ್ತದೆಂದು ಗಂಡ ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಕಟ್ಟಿದ್ದ. ದೀಪವನ್ನೂ ಹಾಕುತ್ತಿರಲಿಲ್ಲ. ಅಲ್ಲಿ ಬೆಳಕೆಂದರೆ ಮಾನಿಟರಿನದು ಮಾತ್ರ. ಅದರಲ್ಲಿ ಯಾವುದೋ ಮನೆಯ ಅಜ್ಜಿಯೊಬ್ಬಳ ಮುಖ ಅರ್ಧ ಮೂಡಿತ್ತು.

ಅವಳು ರಿಪೇರಿಯವನ ಮಾತನ್ನು ಹಾಗೆಯೇ ಒಪ್ಪಿಸಿದಳು. ಗಂಡ ತಿರುಗಲೂ ಇಲ್ಲ.

“ಹೋಗಿತ್ತು. ನಾನೇ ಕಣ್ಣಾರೆ ನೋಡಿದೀನಲ್ಲ.”

“ಈ ಕೆಲಸ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಇಷ್ಟೊಂದು ಸುಳ್ಳು ಯಾಕೆ?”

“ಮೊದಲು ಇಷ್ಟ ಇರ್ಲಿಲ್ಲ, ನಿಜ,” ಎಂದ. “ಈಗ ಇದನ್ನ ಬಿಟ್ಟು ಬೇರೆ ಏನೂ ಬೇಡ ಅನ್ಸುತ್ತೆ ಕಣೇ.”

ಆ ದನಿ ಅವಳನ್ನು ಒಂದು ಕ್ಷಣ ತಡೆಯಿತು. ಆದರೆ ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ಅತ್ತು ತೋರಿಸುವವರನ್ನು ಅವಳು ಕಂಡಿದ್ದಳು. ಈ ಕತ್ತಲಲ್ಲಿ ಕೂತು ನಾಟಕ ಆಡಿದ್ದು ಸಾಕು, ಮುಖ ನೋಡಿ ಮಾತಾಡಿ ಎಂದವಳೇ ಕಿಟಕಿಯ ಬಳಿ ಹೋಗಿ ಬಟ್ಟೆಯನ್ನು ಮೊಳೆಗಳ ಸಮೇತ ಕಿತ್ತೆಳೆದಳು. ಮಧ್ಯಾಹ್ನದ ಬಿಸಿಲು ಕೋಣೆಯ ಮೂಲೆ ಮೂಲೆಗೂ ನುಗ್ಗಿತು. ಮಾನಿಟರಿನ ಮೇಲಿನ ಧೂಳೂ, ಗಂಡನ ಗಡ್ಡದ ಬಿಳಿಯೂ ಎದ್ದು ಕಂಡವು. ಆ ರಭಸಕ್ಕೆ ಮೇಜಿನ ಮೇಲಿದ್ದ ಹಳೆಯ ಫೋಟೋ ಹಾರಿ ಕೆಳಗೆ ಬಿತ್ತು.

ಗಂಡ ಕಣ್ಣು ಕಿರಿದಾಗಿಸಿ, ಗೊಣಗುತ್ತ ಬಗ್ಗಿದ. ಫೋಟೋ ಎತ್ತಿಕೊಂಡು, ಧೂಳು ಒರೆಸಿ, ನೆಟ್ಟಗಾದ. ಟೀಚರು ಬಟ್ಟೆಯ ಮುದ್ದೆಯನ್ನು ಎದೆಗವಚಿಕೊಂಡು, ತಪ್ಪೊಪ್ಪಿಗೆಗಾಗಿ ಕಾಯುತ್ತ ಬಿಸಿಲಿನಲ್ಲಿ ನಿಂತಿದ್ದಳು.

“ಈಗಷ್ಟೇ ತೆಗೆದೆಯಲ್ಲ,” ಎಂದ ಗಂಡ ಬೇಸರದಿಂದ. “ಆ ಬಟ್ಟೆನ ಮತ್ತೆ ಯಾಕೆ ಕಟ್ಟಿದೆ?”