ಕಪ್ಪು ಬಟ್ಟೆಯೊಳಗಿನ ದ್ಯಾವಮ್ಮ

ಲೀಲಾವತಿ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆರೆದೊಡನೆ ಗಾಜಿನ ಚಿತ್ರದೊಳಗಿನ ದೊರೆಸಾನಿ ಆಕಳಿಸುತ್ತ ಎಚ್ಚರಾದಳು. ಕಾಫಿ ಬೆಳೆಯಲು ಬಂದು ನೆಲೆನಿಂತ ದೊರೆಗಳ ಈ ಪೆಟ್ಟಿಗೆ ಫೋಟೋಗಳೆಲ್ಲ ಹೀಗೆಯೇ. ಬೆಳಕು ಬಿದ್ದರೆ ಒಳಗಿದ್ದವರು ಮಾತಿಗಿಳಿಯುತ್ತಾರೆ. ಅವಳು ಮ್ಯೂಸಿಯಂಗೆ ಬಂದದ್ದು ಮುತ್ತಜ್ಜಿ ದ್ಯಾವಮ್ಮನಿಗಾಗಿ. ದೊರೆಸಾನಿಯ ಮಗು ಅಲುಗಿ ಈ ಫೋಟೋ ಕೆಡದಿರಲೆಂದು ಅದನ್ನು ತೊಡೆಯ ಮೇಲೆ ಹಿಡಿದು ಕೂತ ಆಯಾ ಅವಳು. ಚಿತ್ರದಲ್ಲಿ ಕಾಣಬಾರದೆಂದು ಅವಳಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹೊದಿಸಿದ್ದರು. ಆ ಮುಖವನ್ನು ಮನೆಯಲ್ಲಿ ಈಗ ಬದುಕಿರುವ ಯಾರೂ ಕಂಡಿರಲಿಲ್ಲ.

"ಅಮ್ಮಾವ್ರೇ, ಆ ಬಟ್ಟೆ ಒಂದ್ ಗಳಿಗೆ ತೆಗೆಸಿ."

"ತೆಗೀಲಿ ಬಿಡು, ನಾನೇನು ಬೇಡ ಅಂದ್ನಾ?" ಎಂದಳು ದೊರೆಸಾನಿ.

ಲೀಲಾವತಿ ಗಾಜಿನತ್ತ ಬಾಗಿದಳು. "ಅಜ್ಜೀ, ನಿನ್ನ ಮರಿಮಗಳು ಕಣಜ್ಜಿ. ಮುಖ ತೋರ್ಸು."

ಬಟ್ಟೆಯೊಳಗಿಂದ ಗದರುವ ದನಿ ಬಂತು: "ಯಾರಾದ್ರೇನು, ಸದ್ದು ಮಾಡ್ಬ್ಯಾಡ! ಪಾಪು ಈಗ್ತಾನೆ ಮಲಗೈತೆ."