ಬೆಲ್ಲವಲ್ಲದ ಸಿಹಿ

"ಒಂದ್ ತೊಟ್ಟೂ ಸೋರ್ತಿಲ್ಲ ಕಣಣ್ಣ," ಎನ್ನುತ್ತ ಸಿದ್ದೇಶ್ ಕಾರಿನ ಅಡಿಯಿಂದ ಅಂಗಾತ ಜಾರಿಕೊಂಡು ಈಚೆಗೆ ಬಂದ. "ಪೈಪು, ಪಂಪು, ರೇಡಿಯೇಟ್ರು ಎಲ್ಲಾ ತಡವ್ದೆ. ಒಣಗ್ಕೊಂಡ್ ಕೂತವೆ."

"ಅಂಗಾರೆ ಆಕಿದ್ ನೀರೆಲ್ಲ ಎಲ್ಗ್ಲಾ ಓಯ್ತದೆ? ನಾನೇನ್ ಕುಡ್ಕತೀನಾ?" ಎಂದ ಪುಟ್ಟರಾಜು.

ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸ ಮಾಡುವ ಪುಟ್ಟರಾಜು ಟರ್ಬೈನಿನ ಗೊಣಗಾಟ ಕೇಳಿಯೇ ಅದರ ರೋಗ ಹೇಳಬಲ್ಲವನು. ಆದರೆ ತನ್ನ ಹಳೇ ಕಾರು ಹಾಕಿದ ನೀರನ್ನೆಲ್ಲ ಎಲ್ಲಿ ಬಚ್ಚಿಡುತ್ತದೆಂದು ಮಾತ್ರ ತಿಳಿಯದೆ ಸೋತಿದ್ದ. ಬರೀ ನೀರು ಬೇಡವೆಂದು ಹೋದ ಸಲ ಸಿದ್ದೇಶ್ ಇಂಜಿನ್ ತಣಿಸುವ ಹಸಿರು ಕೂಲೆಂಟು ತುಂಬಿ ಕಳಿಸಿದ್ದ. ಅದೂ ಮಾಯವಾಗಿತ್ತು. ಇವತ್ತು ಹೆಂಡತಿ ಅರುಂಧತಿಯನ್ನು ಕೊಪ್ಪದ ತವರಿಗೆ ಕರೆದೊಯ್ಯುವಾಗ ಮಳವಳ್ಳಿವರೆಗೆ ತೆಪ್ಪಗಿದ್ದ ಗಾಡಿ, ಮದ್ದೂರು ಮುಟ್ಟುವಷ್ಟರಲ್ಲಿ ಕುದಿಯತೊಡಗಿತ್ತು. ಹೇಗೋ ಸಿದ್ದೇಶನ ಗ್ಯಾರೇಜಿಗೆ ತಂದು ನಿಲ್ಲಿಸಿದ್ದ.

ಅರುಂಧತಿ ಕಾರಿನಿಂದ ಇಳಿದಿರಲಿಲ್ಲ. ಅವಳಪ್ಪ ಚಿಕ್ಕಬೋರಯ್ಯ ಕೊಪ್ಪದ ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವವನು. ಮಗಳದು ಅವನಿಗಿಂತ ಚುರುಕು ಮೂಗು. ಗದ್ದೆಯ ಬದುವಿನಲ್ಲಿ ನಿಂತೇ ಪಾಕದ ಹದ ಮೂಸಿ "ಅಪ್ಪ, ಬಂತು, ಇಳಿಸು" ಎಂದು ಕೂಗುತ್ತಿದ್ದವಳು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಆ ಮೂಗನ್ನೇ ಹೊತ್ತುಕೊಂಡು ಹೋಯಿತು. "ಬಂದರೂ ಬರಬಹುದು" ಎಂದು ಡಾಕ್ಟರು ಕೈಚೆಲ್ಲಿದರು. ಸಾರು ತಳ ಹಿಡಿದರೂ ಅವಳಿಗೆ ಗೊತ್ತಾಗದು, ಮಲ್ಲಿಗೆ ಮುಡಿದರೂ ಕಾಗದ ಮುಡಿದಂತೆ. ಆಲೆಮನೆ ಶುರುವಾಗುವ ಕಾಲಕ್ಕೆ ತವರಿಗೆ ಹೋಗುವುದನ್ನೇ ಬಿಟ್ಟಿದ್ದಳು. ಈ ಸಲ ಪುಟ್ಟರಾಜು ಕೈಕಾಲು ಹಿಡಿದು ಹೊರಡಿಸಿದ್ದ.

ಅವಳು ಹಾಗೆ ಮಂಕಾಗಿ ಕೂರುವುದನ್ನು ನೋಡಿದಾಗಲೆಲ್ಲ ಅವನಿಗೂ ಊಟ ರುಚಿಸುತ್ತಿರಲಿಲ್ಲ. ಆದರೆ ಸುಳ್ಳೇಕೆ, ಅವನಿಗೊಂದು ಲಾಭವೂ ಆಗಿತ್ತು. ಬೀಡಿ ಬಿಟ್ಟೆನೆಂದು ಮಾದಪ್ಪನ ಮೇಲೆ ಆಣೆ ಮಾಡಿದ್ದ ಗಂಡ, ಈಗ ಕದ್ದು ಸೇದಿ, ಬಾಯಿಗೆ ನಾಲ್ಕು ಕಾಳು ಸೋಂಪು ಕೂಡ ಹಾಕಿಕೊಳ್ಳದೆ ಅವಳ ಪಕ್ಕ ಧೈರ್ಯವಾಗಿ ಕೂರುತ್ತಿದ್ದ. ಈಗ ತಾನೇ ಗ್ಯಾರೇಜಿನ ಹಿಂದೆ ಒಂದನ್ನು ಮುಗಿಸಿ ಬಂದಿದ್ದ.

ಸಿದ್ದೇಶ್ ಇಂಜಿನ್ ಚಾಲೂ ಮಾಡಲು ಬಾಗಿಲು ತೆರೆದ. "ಏನಣ್ಣ, ಡಿಕ್ಕಿ ತುಂಬ ಮಾವನ್ ಮನೆ ಬೆಲ್ಲವಾ? ಗಮ್ ಅಂತದೆ."

"ಓದ್ ತಿಂಗ್ಳು ತಂದಿದ್ದೆ ಕಣ್ಲಾ. ಇನ್ನೂ ಓಗಿಲ್ಲ ಅದ್ರ ವಾಸ್ನೆ."

ಬೆಲ್ಲದ ಸೀಮೆಯಲ್ಲಿ ಸಿಹಿ ವಾಸನೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಇಬ್ಬರೂ ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದರು.

"ಬೆಲ್ಲ ಅಲ್ಲ ಕಣ್ರೀ ಇದು," ಎಂದಳು ಅರುಂಧತಿ ಒಳಗಿನಿಂದ.

"ನಿಮ್ಮಪ್ಪ ಕೊಟ್ಟಿದ್ ಅಚ್ಚು ಕಣಮ್ಮಿ," ಎಂದ ಪುಟ್ಟರಾಜು ತಲೆ ಎತ್ತದೆ.

"ನಮ್ಮಪ್ಪನ್ ಬೆಲ್ಲ ನಂಗೊತ್ತಿಲ್ವಾ? ಬೆಲ್ಲದಲ್ಲಿ ಒಸಿ ಒಗೆ ಇರ್ತದೆ, ಕಬ್ಬು ಇರ್ತದೆ. ಇದು ಬರೀ ಸೀ. ಕೆಮ್ಮಿನ್ ಔಸ್ದಿ ತರ."

ಪುಟ್ಟರಾಜುವಿನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಸುತ್ತಿಕೊಂಡು ಬಂದು ಅವಳ ಬಾಗಿಲ ಬಳಿ ನಿಂತ. ಅವನ ಮುಖ ನೋಡಿದ ಮೇಲೆಯೇ ತಾನು ಏನು ಹೇಳಿದೆನೆಂದು ಅರುಂಧತಿಗೂ ಹೊಳೆದದ್ದು. ಅಲುಗಿದರೆ ಎಲ್ಲಿ ಮತ್ತೆ ಹೊರಟುಹೋಗುತ್ತದೋ ಎಂಬಂತೆ ಅವಳು ಉಸಿರು ಬಿಗಿಹಿಡಿದು ಕೂತುಬಿಟ್ಟಳು.

ಸಿದ್ದೇಶನಿಗೆ ಹೊಳೆದದ್ದೇ ಬೇರೆ. "ಅಕ್ಕ, ಒಸಿ ಕಾಲೆತ್ತಿ," ಎಂದು ಅವಳ ಕಾಲಡಿಯ ರಬ್ಬರ್ ಹಾಸನ್ನು ಕಿತ್ತು, ಅದರ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿದ. ಬೆರಳ ಸಂದಿಯಲ್ಲಿ ಹಸಿರು ನೀರು ಉಕ್ಕಿತು. "ಸಿಕ್ದ ಕಣಣ್ಣ ಕಳ್ಳ. ಈ ಸೀ ವಾಸ್ನೆ ಕೂಲೆಂಟಿಂದು. ಈಟ್ರು ತೂತಾಗದೆ. ಒಳಗೊಳಗೇ ಸೋರುದ್ರೆ ನೆಲದಲ್ಲಿ ಉಡುಕುದ್ರೆ ಎಲ್ ಸಿಕ್ಕಾತು?"

ಇಂಜಿನ್ನಿನ ಬಿಸಿನೀರನ್ನೇ ಎಳೆದುಕೊಂಡು ಚಳಿಗೆ ಬಿಸಿಗಾಳಿ ಊದುವ ಹೀಟರೊಂದು ತನ್ನ ಕಾರಿನಲ್ಲಿದೆ ಎಂಬುದೇ ಪುಟ್ಟರಾಜುವಿಗೆ ಮರೆತುಹೋಗಿತ್ತು. "ನಮ್ ಕಡೆ ಅದ್ಯಾವನಿಗ್ ಬೇಕು? ಅದ್ರ ಪೈಪ್ನ ಈಚ್ಲಿಂದ್ಲೇ ತಿರುಗ್ಸಿ ಸೇರಿಸ್ಬುಡ್ತೀನಿ," ಎಂದು ಸಿದ್ದೇಶ್ ಸ್ಪ್ಯಾನರು ಹುಡುಕಲು ಹೋದ.

ಅರುಂಧತಿ ಇಳಿದಳು. ಗೋಡೆಗೆ ನೇತುಹಾಕಿದ್ದ ಬಟ್ಟೆಯನ್ನು ಮೂಸಿ "ಪೆಟ್ರೋಲು" ಎಂದಳು. ಪಕ್ಕದ ಹೋಟೆಲಿನ ಕಡೆ ಮುಖ ಮಾಡಿ "ಈರುಳ್ಳಿ ಬೇಯ್ತಾ ಅದೆ" ಎಂದಳು. ಬಹಳ ದಿನಕ್ಕೆ ಊರಿಗೆ ಬಂದ ನಂಟರನ್ನು ಮಾತಾಡಿಸುವ ಹಾಗಿತ್ತು ಅವಳ ದನಿ. ಈ ಡಕೋಟಾ ಗಾಡಿಯನ್ನು ಗುಜರಿಗೆ ಹಾಕುತ್ತೇನೆಂದು ಬೆಳಗ್ಗೆಯಿಂದ ಬೈಯುತ್ತಿದ್ದ ಪುಟ್ಟರಾಜು, ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕೈ ಸುಟ್ಟಿತು. ಸುಟ್ಟರೂ ಇನ್ನೊಮ್ಮೆ ಮುಟ್ಟಿ ನಮಸ್ಕಾರ ಮಾಡಿದ.

ಅರುಂಧತಿ ಅವನ ಹತ್ತಿರ ಬಂದವಳು ಗಕ್ಕನೆ ನಿಂತಳು. ಮೂಗಿನ ಹೊಳ್ಳೆ ಅರಳಿತು.

"ಬೀಡಿ," ಎಂದಳು.

ಪುಟ್ಟರಾಜು ಇಲ್ಲವೆನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಜೇಬಿನಿಂದ ಇಡೀ ಕಟ್ಟನ್ನೇ ತೆಗೆದು ಅವಳ ಮೂಗಿನ ಮುಂದೆ ಹಿಡಿದ. "ದಿಟ್ವಾಗ್ಲೂ ಬತ್ತದಾ? ಇನ್ನೊಂದ್ ಕಿತ ನೋಡಮ್ಮಿ."

ಅವಳು ಕಣ್ಣು ಮುಚ್ಚಿ, ಮಲ್ಲಿಗೆ ದಂಡೆಯನ್ನು ಮೂಸುವ ಹಾಗೆ ಎದೆ ತುಂಬ ಎಳೆದುಕೊಂಡಳು. ಆಮೇಲೆ ಕಟ್ಟನ್ನು ಕಿತ್ತು ಚರಂಡಿಗೆಸೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬೇಗ ಮಾಡಪ್ಪ ಸಿದ್ದೇಸ," ಎಂದಳು. "ನಮ್ಮಪ್ಪ ಪಾಕ ಇಳಿಸೋದ್ರೊಳಗೆ ನಾನು ಅಲ್ಲಿರ್ಬೇಕು."