ಹತ್ತಿ ಹಾರಿದ ದಿನ

"ಏನಮ್ಮಾ ಇದು? ಇದನ್ನ ಹಾಕ್ಕೊಂಡು ನಾನು ಡ್ಯೂಟಿಗೆ ಹೋಗ್ಲಾ?"

ಪಕ್ಕದ ಮನೆಯ ಕಂಡಕ್ಟರಮ್ಮ ತಾರಸಿಯ ಮೋಟುಗೋಡೆಯ ಆಚೆ ನಿಂತು, ತನ್ನ ಕಡುನೀಲಿ ಯೂನಿಫಾರಮ್ಮನ್ನು, ಹಾಸಿಗೆ ಹೊಲಿದು ಮಾರುವ ಹಾಸಿಗೆಯವನ ಹೆಂಡತಿಯ ಮುಖಕ್ಕೆ ಹಿಡಿದಿದ್ದಳು. ಒಗೆದು ತಂತಿಗೆ ಹಾಕಿದ್ದ ಅಂಗಿಯ ತುಂಬ ಹತ್ತಿ ಮೆತ್ತಿಕೊಂಡಿತ್ತು. ಈಚೆ ಹಳೆ ಹಾಸಿಗೆ ಬಿಚ್ಚಿ ಕೋಲಿನಿಂದ ಹತ್ತಿ ಬಡಿಯುತ್ತಿದ್ದವಳ ತಲೆ, ಹುಬ್ಬು, ಮೂಗಿನ ತುದಿ ಎಲ್ಲಾ ಬೆಳ್ಳಗಾಗಿದ್ದವು.

ಇಷ್ಟು ವರ್ಷದಲ್ಲಿ ಹೀಗೆಂದೂ ಆಗಿರಲಿಲ್ಲ. ಆ ಬೀದಿಗೆಲ್ಲ ಬೇರೆ ಭಾಷೆಯವರು, ಬೇರೆ ಚಹರೆಯವರು ಅಂತಿದ್ದದ್ದು ಈ ಹಾಸಿಗೆಯವರದೊಂದೇ ಮನೆ. ಹಾಗಾಗಿ ಹತ್ತಿ ಬಡಿಯುವ ದಿನ ಹಾಸಿಗೆಯವನು ಬೆಳಗ್ಗೆಯೇ ಮನೆಮನೆಯ ಬಾಗಿಲು ತಟ್ಟಿ, "ಇವತ್ತು ಸ್ವಲ್ಪ ಹತ್ತಿ ಹಾರುತ್ತೆ, ತಪ್ಪು ತಿಳ್ಕೋಬೇಡಿ" ಎಂದು ಕೈಮುಗಿದು ಬರುತ್ತಿದ್ದ. ತಪ್ಪಿಗಿಂತ ಮೊದಲೇ ಕ್ಷಮೆ ಕೇಳುವ ಮನುಷ್ಯನ ಮೇಲೆ ಯಾರು ತಾನೇ ರೇಗುತ್ತಾರೆ? "ಅಯ್ಯೋ, ಪರವಾಗಿಲ್ಲ ಬಿಡಿ, ನೀವು ತುಂಬಾ ಒಳ್ಳೆಯವರು" ಎಂದು ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ಬಾಗಿಲು ಹಾಕಿಕೊಳ್ಳುವುದೇ ಹೆಂಡತಿಗೆ ಸಾಕಾಗಿ ಹೋಗಿತ್ತು. ಬೀದಿಯ ಹೆಂಗಸರೆಲ್ಲ ಬೆಳಗ್ಗೆ ಕಿತ್ತಾಡಿ, ಸಂಜೆ ಒಂದೇ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು. ಇವಳ ಪಾಲಿಗೆ ಜಗಳವೂ ಇಲ್ಲ, ಮೆಟ್ಟಿಲೂ ಇಲ್ಲ, ಬರೀ ನಮಸ್ಕಾರ. ಕೊನೆಗೆ ಅವಳ ಅಣ್ಣ ಊರಿನ ಆಚೆ ತುದಿಯಲ್ಲಿ, ತಮ್ಮವರೇ ಇರುವ ಬಡಾವಣೆಯಲ್ಲಿ, ಒಂದು ಮನೆ ನೋಡಿಟ್ಟಿದ್ದ. ಬರುತ್ತೀರೋ ಇಲ್ಲವೋ, ಇವತ್ತು ಸಂಜೆಯೊಳಗೆ ಹೇಳಿ ಅಂದಿದ್ದ. ಹೇಗೂ ಹೋಗುವವರು, ಇನ್ನೇಕೆ ಉಪಚಾರ ಎಂದು ಇವತ್ತು ಅವಳು ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಬೆಳಗ್ಗೆಯೇ ಹಾಸಿಗೆ ಬಟ್ಟೆ ತರಲು ಪೇಟೆಗೆ ಹೋದ ಗಂಡ, ಮನೆಮನೆಗೆ ಹೇಳಿ ಬರುವ ಕೆಲಸವನ್ನು ಅವಳಿಗೇ ಬಿಟ್ಟಿದ್ದ.

"ಅಯ್ಯೋ, ಕ್ಷಮಿಸಿ..." ಎಂದು ಅಭ್ಯಾಸಬಲದಿಂದ ಶುರು ಮಾಡಿದಳು.

"ನಿನ್ನ ಕ್ಷಮೆ ಇಟ್ಕೊಂಡು ನಾನೇನ್ ಮಾಡ್ಲಿ? ತಲೆ ಒಳಗೂ ಹತ್ತಿ ತುಂಬ್ಕೊಂಡಿದ್ದೀಯಾ? ಪಕ್ಕದಲ್ಲಿ ಬಟ್ಟೆ ಒಣಗ್ತಿರೋದು ಕಾಣಲ್ವಾ?"

ಇಷ್ಟು ದಿನ ನೀವು, ತಾವು ಎನ್ನುತ್ತಿದ್ದವಳು ಸೀದಾ ಏಕವಚನಕ್ಕೆ ಇಳಿದಿದ್ದಳು. ತುಂಬಿದ ಬಸ್ಸಿನ ಆ ತುದಿಯಿಂದ ಈ ತುದಿಗೆ ಕೂಗಿ ಪಳಗಿದ ಗಂಟಲು ಬೇರೆ. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು.

ಹಾಸಿಗೆಯವನ ಹೆಂಡತಿಗೆ ಅದೇನಾಯಿತೋ, ಕೋಲು ಬಿಸಾಕಿ ಸೊಂಟಕ್ಕೆ ಕೈಯಿಟ್ಟಳು. ಆಮೇಲೆ ಬಾಯಿಂದ ಬಂದದ್ದೆಲ್ಲ ಅವಳ ಮನೆಮಾತು. ಎಲ್ಲಿ ಅಡಗಿತ್ತೋ, ಉಸಿರು ಬಿಡದೆ ಬಂತು.

ಕಂಡಕ್ಟರಮ್ಮ ಕಣ್ಣು ಕಣ್ಣು ಬಿಟ್ಟಳು. "ಬೈಯೋದಾದ್ರೆ ನಂಗೆ ಅರ್ಥ ಆಗೋ ಹಾಗೆ ಬೈ. ಇಲ್ದಿದ್ರೆ ನಾನು ಏನಂತ ಉತ್ತರ ಕೊಡ್ಲಿ?"

ನ್ಯಾಯವಾದ ಮಾತು. ಹೆಂಡತಿ ಉಸಿರೆಳೆದುಕೊಂಡು, ಬೀದಿಯವರ ಭಾಷೆಯಲ್ಲಿ ಮೊದಲಿನಿಂದ ಶುರು ಮಾಡಿದಳು. "ನಿನ್ನ ಹೂಕುಂಡದ ನೀರು ದಿನಾ ನನ್ನ ಬಾಗಿಲ ಮುಂದೆ ಸುರಿಯುತ್ತೆ. ನಾನು ಬಾಯಿ ಬಿಟ್ಟಿದ್ದೀನಾ? ಹೊಸಾ ಹಾಸಿಗೆ ಒಂದು ಪೂರ್ತಿ ನೆನೆದು ಹೋಯ್ತು. ಆಗ ನಿನ್ನ ಕಣ್ಣೇನು ಡ್ಯೂಟಿಗೆ ಹೋಗಿತ್ತಾ?"

ಎದುರು ಮನೆಯ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು. "ಅವಳು ಹೇಳೋದು ಸರಿ ಕಣೇ. ದಾರೀಲಿ ಹೋಗ್ತಿದ್ರೆ ನನ್ನ ತಲೆ ಮೇಲೂ ಸುರಿದಿದೆ."

"ನೀವು ಸುಮ್ನಿರಿ ಅಜ್ಜಿ, ನಿಮ್ಮ ಸರದಿ ಆಮೇಲೆ" ಎಂದ ಕಂಡಕ್ಟರಮ್ಮ ಇತ್ತ ತಿರುಗಿ, "ಇನ್ನು ನಿನ್ನ ಹತ್ರ ಮಾತಿಲ್ಲ, ಹೋಗು" ಎಂದಳು.

"ನಂಗೂ ಬೇಕಾಗಿಲ್ಲ."

ಆಚೆ ತಾರಸಿಯ ಬಾಗಿಲು ಧಡಾರನೆ ಮುಚ್ಚಿತು. ಹಾಸಿಗೆಯವನ ಹೆಂಡತಿ ಹತ್ತಿಯ ರಾಶಿಯ ಮೇಲೆ ಕುಸಿದು ಕೂತಳು. ಒಳಗೆ ಮಾತ್ರ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಖುಷಿ.

ಬೀದಿಯ ತಿರುವಿನಲ್ಲೇ ಸುದ್ದಿ ಸಿಕ್ಕಿದ ಗಂಡ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. "ಜಗಳ ಆಡಿದ್ಯಾ? ಅವರ ಹತ್ರ? ಅಯ್ಯೋ ದೇವರೇ. ತಡಿ, ಹೋಗಿ ಕ್ಷಮೆ ಕೇಳ್ಕೊಂಡು ಬಂದ್ಬಿಡ್ತೀನಿ."

"ರೀ, ಕೂತ್ಕೊಳ್ಳಿ ಸುಮ್ನೆ. ಇಷ್ಟು ವರ್ಷಕ್ಕೆ ಒಂದು ಜಗಳ ಸಿಕ್ಕಿದೆ, ಅದನ್ನೂ ಹಾಳು ಮಾಡ್ಬೇಡಿ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಎತ್ತಿ, ಎರಡು ಮಾತು ಕೇಳಿಸಿಕೊಂಡು, ಅಂಗೈ ಅಡ್ಡ ಇಟ್ಟ. "ನಿಮ್ಮಣ್ಣ. ಮನೆ ಮಾಲೀಕರು ಎದುರಲ್ಲೇ ಕೂತಿದ್ದಾರಂತೆ. ಏನು ಹೇಳ್ಲಿ?"

"ಬರಲ್ಲ ಅನ್ನಿ."

"ಯಾಕೆ ಅಂತ ಕೇಳ್ತಾನಲ್ಲ?"

ಅವಳು ಹುಬ್ಬಿನ ಹತ್ತಿ ಕಿತ್ತು ಊದಿದಳು. "ಇಲ್ಲಿ ಜಗಳ ಅರ್ಧಕ್ಕೆ ನಿಂತಿದೆ, ಬಿಟ್ಟು ಬರೋಕಾಗಲ್ಲ ಅನ್ನಿ."